ಫಾದರ್ ಮದುವೆ ವಿಷಯಕ್ಕೆ ವಾದ ಬಂದರೆ ಹೀಗೆ ಮಾಡಿ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಮುಂದೆ ಕೂತಾಗ ಕ್ಯಾಥೊಲಿಕ್ ಪಾದ್ರಿಗಳಿಗೆ, ಅಂದರೆ ಫಾದರ್‌ಗಳಿಗೆ, ಮದುವೆ ಬೇಕೋ ಬೇಡವೋ ಎಂಬ ಮಾತು ಬಂತೋ, ಮೊದಲು ಒಂದು ಕೇಳಿ: ಫಾದರ್ ಆದ ಮೇಲೆ ಮದುವೆಯೋ, ಮದುವೆಯಾದವರು ಫಾದರ್ ಆಗುವುದೋ? ಎರಡೂ ಬೇರೆ. ಎರಡನೆಯದು ಉಕ್ರೇನಿನ ಗ್ರೀಕ್ ಕ್ಯಾಥೊಲಿಕರಲ್ಲಿ ಮಾಮೂಲಿ, ಅವರೂ ಪೋಪರನ್ನು ಒಪ್ಪುವವರೇ.

ಬೈಬಲ್ ತೆಗೆದವರಿಗೆ ಯೇಸುವಿನ ಶಿಷ್ಯ, ಕ್ಯಾಥೊಲಿಕರು ಮೊದಲ ಪೋಪ್ ಎನ್ನುವ ಪೇತ್ರರ ಅತ್ತೆಯನ್ನು ನೆನಪಿಸಿ. ಜ್ವರ ಬಂದು ಮಲಗಿದ್ದರು, ಯೇಸುಸ್ವಾಮಿ ಕೈ ಹಿಡಿದು ಎಬ್ಬಿಸಿದರು, ಎದ್ದವರೇ ಉಪಚಾರಕ್ಕೆ ನಿಂತರು. ಅತ್ತೆ ಇದ್ದರು ಅಂದ ಮೇಲೆ ಮದುವೆಯೂ ಆಗಿತ್ತು, ಅಲ್ವಾ? ಹಾಗಂತ ಸಂತ ಪೌಲರು ಒಂಟಿ ಬಾಳನ್ನು ಹೊಗಳಿದ್ದನ್ನು ನುಂಗಬೇಡಿ. ರೋಮಿನ ಕಡೆ, ಅಂದರೆ ಲ್ಯಾಟಿನ್ ಪದ್ಧತಿಯ ಕ್ಯಾಥೊಲಿಕರಲ್ಲಿ, ಪಾದ್ರಿಗಳ ಮದುವೆ ಊರ್ಜಿತವಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದು 1139ರ ಲ್ಯಾಟರನ್ ಮಹಾಸಭೆ, ಅಂದರೆ ಬಿಷಪ್‌ಗಳ ದೊಡ್ಡ ಸಭೆ. ಇದು ಶಿಸ್ತಿನ ನಿಯಮ, ನಂಬಿಕೆಯ ಮೂಲತತ್ವವಲ್ಲ, ಬದಲಾಯಿಸಬಹುದು.

ಆದರೂ ತಲೆಗೆ ಹೋಗದಿದ್ದರೆ ನಮ್ಮ ಕಡೆಯದೇ ಉದಾಹರಣೆ ಕೊಡಿ: ವಿರಕ್ತ ಮಠದ ಸ್ವಾಮಿಗಳು ಮದುವೆಯಾಗುವುದಿಲ್ಲ, ಮನೆಗೆ ಬಂದು ಪೂಜೆ ಮಾಡಿಸುವ ಅಯ್ಯನವರಿಗೆ ಹೆಂಡತಿ ಮಕ್ಕಳು ಇರುತ್ತಾರೆ, ಇಬ್ಬರ ಕಾಲಿಗೂ ಜನ ಬೀಳುತ್ತಾರೆ.

ನನ್ನ ಕೇಳಿದರೆ, ಮದುವೆಯಾದವರಿಗೂ ಗುರುದೀಕ್ಷೆ ಕೊಟ್ಟು ಫಾದರ್ ಮಾಡಲಿ. ಆದರೆ ಮನೆ ಖರ್ಚು, ಮಕ್ಕಳ ಫೀಸು, ಪದೇ ಪದೇ ವರ್ಗಾವಣೆ ಯಾರು ನೋಡುತ್ತಾರೆ ಎಂದೂ ಕೇಳಿ. ಸುಮ್ನೆ ಹೂಂ ಅನ್ನಬೇಡಿ. ಫಾದರ್ ಎದುರಿಗೇ ಇದ್ದರೆ ಮೊದಲು ಅವರು ಮಾತಾಡಲಿ, ಅಷ್ಟರಲ್ಲಿ ನಿಮ್ಮ ದೋಸೆ ಮುಗಿಸಿ.