ಬಣ್ಣ ತೊಳೆದು ಮೈಕಿನ ಮುಂದೆ: ಕಲಬುರಗಿ ಸೀಮೆಯ ನಟರು ಸ್ವಂತ ಹಾಡು ಕಟ್ಟಿ ಬಿಡುವ ಬಗೆ

ನಾಟಕದಲ್ಲಿ ಪಳಗಿದವರಿಗೆ ದನಿ ಇರುತ್ತದೆ, ಸಭಾಕಂಪ ಇರುವುದಿಲ್ಲ. ಹೀಗಾಗಿ ರಂಗಾಯಣದಲ್ಲೋ ಹವ್ಯಾಸಿ ತಂಡದಲ್ಲೋ ನಾಲ್ಕು ವರ್ಷ ಬಣ್ಣ ಹಚ್ಚಿದವರು ಇಂಡಿ ಪಾಪ್‌ಗೆ, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಹಾಡು ಮಾಡಿ ಬಿಡುವ ದಾರಿಗೆ ಕಾಲಿಟ್ಟಾಗ ಅರ್ಧ ದಾರಿ ಸವೆದಿದೆ ಅಂದುಕೊಳ್ಳುತ್ತಾರೆ. ಕೆಡುವುದು ಅಲ್ಲೇ. ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದ ಕೊನೆಯ ಸಾಲಿಗೆ ಮುಟ್ಟಿಸುವ ಗಂಟಲು ಮೈಕಿನಲ್ಲಿ ಜಗಳಕ್ಕೆ ಬಂದಂತೆ ಕೇಳುತ್ತದೆ. ಇಯರ್‌ಫೋನ್ ಹಾಕಿಕೊಂಡವರು ನಿಮ್ಮ ಬಾಯಿಂದ ಒಂದು ಗೇಣು ದೂರದಲ್ಲಿದ್ದಾರೆ ಅಂದುಕೊಂಡೇ ಹಾಡಬೇಕು.

ಮೊದಲು ಶ್ರುತಿ ಸರಿಮಾಡಿಕೊಳ್ಳಿ. ಪಲ್ಲವಿಯನ್ನು ಎದುರಿಗೆ ಕೂತ ಗೆಳೆಯನಿಗೆ ಹೇಳಿದ ಹಾಗೆ ಬರೀ ಮಾತಾಗಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆ ಮಾತು ಹಾರ್ಮೋನಿಯಂನ ಯಾವ ಪಟ್ಟಿಯ ಹತ್ತಿರ ಓಡಾಡುತ್ತದೆ ನೋಡಿ, ಪಲ್ಲವಿಯನ್ನು ಅದರ ಸುತ್ತ ಕಟ್ಟಿ. ನಟರು ಸಾಮಾನ್ಯವಾಗಿ ಎರಡು ಮೂರು ಪಟ್ಟಿ ಮೇಲೆ ಹಿಡಿಯುತ್ತಾರೆ. ಮೈಕಿಲ್ಲದ ಕಾಲದ ಕಂಪನಿ ನಾಟಕಗಳಿಗೆ ಆ ಎತ್ತರ ಬೇಕಿತ್ತು, ಈಗ ಬೇಕಿಲ್ಲ.

ಸಾಹಿತ್ಯದ ವಿಷಯ ದೊಡ್ಡದು. ಇನ್ನೊಬ್ಬರು ಬರೆದ ಮಾತಾಡಿ ರೂಢಿಯಾದವರು ಪೆನ್ನು ಹಿಡಿದರೆ ಸಂಭಾಷಣೆ ಬರುತ್ತದೆ, ಇಲ್ಲವೇ ಗ್ರಾಂಥಿಕ ಕನ್ನಡ ಬರುತ್ತದೆ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಇದು ಅಭಿಮಾನಕ್ಕೆ ಹೇಳುವ ಮಾತಲ್ಲ, ತಾಳದ ಲೆಕ್ಕ. ‘ಬರುತ್ತದೆ’ ಐದು ಮಾತ್ರೆ, ‘ಬರ್ತದ’ ನಾಲ್ಕು. ನಾಲ್ಕರ ತಾಳದಲ್ಲಿ ಎರಡನೆಯದು ತಾನಾಗಿ ಕೂರುತ್ತದೆ. ‘ಅದ’ ಎಂದು ಮುಗಿಸಿದರೆ ಬಾಯಿ ತೆರೆದಿರುತ್ತದೆ, ದನಿ ಎಳೆಯಬಹುದು. ‘ಮನಿ’ಯ ಇಕಾರವನ್ನು ತಾರಸ್ಥಾಯಿಯಲ್ಲಿ ಎಳೆದರೆ ಗಂಟಲು ಬಿಗಿಯುತ್ತದೆ, ಅಲ್ಲಿ ‘ಮನ್ಯಾಗ’ ಹಾಕಿ ನೋಡಿ. ಉರ್ದುವಿನಿಂದ ಬಂದ ಮಾತು ನಾಲಿಗೆಗೆ ಸಹಜವಾಗಿದ್ದರೆ ತೆಗೆಯಬೇಡಿ. ಹಾಡು ಮೂರು ನಿಮಿಷದ ಆಸುಪಾಸಿರಲಿ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 30 ಸೆಕೆಂಡು ದಾಟಿದ ಮೇಲಷ್ಟೇ ಒಂದು ಕೇಳುವಿಕೆ ಎಂದು ಎಣಿಸುತ್ತದೆ. ಅಷ್ಟರೊಳಗೆ ಪಲ್ಲವಿ ಬಂದಿರಬೇಕು, ಉದ್ದನೆಯ ಆಲಾಪ ರಂಗಕ್ಕೇ ಇರಲಿ.

ಇನ್ನು ರೆಕಾರ್ಡಿಂಗ್. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆಯ ಕೋಣೆ ದನಿಯನ್ನು ಹಾಗೇ ತಿರುಗಿಸಿ ಎಸೆಯುತ್ತದೆ. ನೆಲಕ್ಕೆ ಎರಡು ಕೌದಿ ಹಾಸಿ, ನಿಮ್ಮ ಬೆನ್ನ ಹಿಂದೆ ಒಂದು ದಪ್ಪ ಕೌದಿ ಇಳಿಬಿಡಿ. ಮೈಕಿನ ಹಿಂದೆ ಕೌದಿ ಕಟ್ಟಿ ಬೆನ್ನ ಹಿಂದೆ ಖಾಲಿ ಬಿಡುವುದೇ ಸಾಮಾನ್ಯ ತಪ್ಪು. ಮೈಕಿನ ಮುಖ ಇರುವುದು ನಿಮ್ಮ ಕಡೆ, ಪ್ರತಿಧ್ವನಿ ಒಳಗೆ ನುಗ್ಗುವುದೂ ಅದೇ ಕಡೆಯಿಂದ. ಬೀದಿಯ ಸದ್ದಿರುವ ಮನೆಗೆ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ತರಬೇಡಿ, ಪಕ್ಕದ ಮನೆಯ ಮಿಕ್ಸರೂ ಹಾಡಿನೊಳಗೆ ಬರುತ್ತದೆ. ಶೂರ್ ಎಸ್‌ಎಂ58ನಂಥ ಡೈನಾಮಿಕ್ ಮೈಕ್, ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ, ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ. ಹತ್ತಿರ ಬಂದಷ್ಟೂ ಮಂದ್ರ ಉಬ್ಬುತ್ತದೆ, ತಲೆ ತಿರುಗಿಸಿದರೆ ದನಿ ಮಾಯ. ನಟರ ಕಾಲು ಸುಮ್ಮನಿರುವುದಿಲ್ಲ, ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ.

ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಗೇನ್, ಅಂದರೆ ಮೈಕಿನ ದನಿ ಒಳಬರುವ ಮಟ್ಟ ಇಡುವಾಗ ಹಾಡಿನ ಅತಿ ಜೋರಾದ ಸಾಲನ್ನೇ, ಪೂರ್ತಿ ಆವೇಶದಲ್ಲಿ ಹಾಡಿ, ಮೀಟರ್ ಮೈನಸ್ 10 ಡಿಬಿ ದಾಟದಂತೆ ನೋಡಿಕೊಳ್ಳಿ. ತಾಲೀಮಿನಲ್ಲಿ ಮೆಲ್ಲಗೆ ಹಾಡಿ ಟೇಕ್‌ನಲ್ಲಿ ಏರಿಸುವುದು ನಟರ ಚಾಳಿ. ಆಗ ಒಡೆದ ದನಿಯನ್ನು ಮಿಕ್ಸಿಂಗ್ ಮಾಡುವವರು ಎಷ್ಟು ತಿಣುಕಿದರೂ ಮೊದಲಿನಂತಾಗದು. ಚಾರ್ಜರ್ ಹಾಕಿದ ಲ್ಯಾಪ್‌ಟಾಪ್ ಗುಂಯ್ ಎನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲದಿರಬಹುದು, ಬ್ಯಾಟರಿಯ ಮೇಲೆ ನಡೆಸಿ. ಇನ್ವರ್ಟರ್ ಓಡುವಾಗ ರೆಕಾರ್ಡಿಂಗ್ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಹಾಡುವುದೆಂದರೆ 40 ಡಿಗ್ರಿ ದಾಟಿದ ಊರಿನಲ್ಲಿ ಶಿಕ್ಷೆಯೇ. ನಸುಕಿನಲ್ಲಿ ಕೂತು, 20 ನಿಮಿಷಕ್ಕೊಮ್ಮೆ ಫ್ಯಾನ್ ಹಾಕಿ ಬಿಡುವು ಕೊಡಿ. ನಾಲ್ಕು ಟೇಕ್ ಪೂರ್ತಿ ಹಾಡಿ, ಆಮೇಲೆ ಸಾಲು ಸಾಲಾಗಿ ಆರಿಸಿ ಜೋಡಿಸಿ.

ಬಿಡುಗಡೆಗೆ ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಸ್ಪಾಟಿಫೈಯಂಥ ಆ್ಯಪ್‌ಗಳಿಗೆ ತಲುಪಿಸುವ ಸಂಸ್ಥೆ ಬೇಕು. ಡಿಸ್ಟ್ರೊಕಿಡ್‌ಗೆ ವರ್ಷಕ್ಕಿಷ್ಟು ಎಂದು ಕಟ್ಟಬೇಕು. ಕಟ್ಟುವುದು ನಿಲ್ಲಿಸಿದರೆ, ಉಳಿಸಿಕೊಳ್ಳಲೆಂದು ಬೇರೆ ಶುಲ್ಕ ಕೊಟ್ಟಿರದ ಹಾಡುಗಳು ಇಳಿದುಹೋಗಬಹುದು. ಸಿಡಿ ಬೇಬಿ ಬಿಡುಗಡೆಗೊಮ್ಮೆ ಹಣ ಪಡೆದು ಗಳಿಕೆಯಲ್ಲೂ ಪಾಲು ಹಿಡಿಯುತ್ತದೆ. ಹಾಡಿನ ವೇವ್ (WAV) ಫೈಲ್, 3000 ಪಿಕ್ಸೆಲ್ ಚೌಕದ ಮುಖಚಿತ್ರ ಇಟ್ಟುಕೊಂಡು ನಾಲ್ಕು ವಾರ ಮೊದಲೇ ಏರಿಸಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಕಳಿಸಲು ಕನಿಷ್ಠ 7 ದಿನ ಮುಂಚೆ ಅದು ಅವರಲ್ಲಿ ತಲುಪಿರಬೇಕು. ನಿಮ್ಮ ಹೆಸರಿನ ಇನ್ನೊಬ್ಬ ಕಲಾವಿದ ಇದ್ದಾನೆಯೇ ಎಂದು ಮೊದಲೇ ಹುಡುಕಿ, ಇಲ್ಲದಿದ್ದರೆ ಹಾಡು ಅವನ ಪುಟಕ್ಕೆ ಹೋಗಿ ಕೂರುತ್ತದೆ. ದುಡ್ಡಿನ ಆಸೆ ಸದ್ಯಕ್ಕೆ ಬೇಡ: 12 ತಿಂಗಳಲ್ಲಿ 1000 ಕೇಳುವಿಕೆ ಆಗದ ಹಾಡಿಗೆ ಸ್ಪಾಟಿಫೈ ಕಾಸು ಕೊಡುವುದಿಲ್ಲ.

ಹಕ್ಕಿನ ಮಾತನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸಾಹಿತ್ಯ ಯಾರದು, ರಾಗ ಯಾರದು, ಬೀಟ್ ಯಾರದು, ಯಾರಿಗೆ ಎಷ್ಟು ಪಾಲು, ಎಲ್ಲರ ಸಹಿ. ಸಾಹಿತಿ, ಸಂಯೋಜಕರ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ. ನಾಟಕದಲ್ಲಿ ನೀವು ನೂರು ಸಲ ಹಾಡಿದ ಹಾಡೂ ನಿಮ್ಮದಲ್ಲ, ಬರೆದವರ ಮತ್ತು ಧಾಟಿ ಕಟ್ಟಿದವರ ಒಪ್ಪಿಗೆ ಬೇಕು. ಹತ್ತೊಂಬತ್ತನೆಯ ಶತಮಾನದ ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ಆ ತೊಡಕಿಲ್ಲ, ಏಕೆಂದರೆ ಕರ್ತೃ ತೀರಿ 60 ವರ್ಷವಾದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಆದರೆ ಈಚಿನವರು ಕೂಡಿಸಿದ ಧಾಟಿ ಬೇರೆ ಲೆಕ್ಕ.

ವಿಡಿಯೊದಲ್ಲಿ ನಟರಿಗೆ ಹೇಳಿಕೊಡಬೇಕಾದ್ದು ಕಡಿಮೆ, ಮುಖವೇ ಸಾಕು. ಬೀದರ್ ಕೋಟೆಯಲ್ಲಿ ತೆಗೆಯುವ ಮನಸ್ಸಿದ್ದರೆ ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ, ಅನುಮತಿ ಪತ್ರ ಕೈಗೆ ಬಂದ ಮೇಲೆ ಕ್ಯಾಮೆರಾ ಹೊರಡಲಿ.

ವೇದಿಕೆಗೆ ಮೊದಲು ಐದೇ ಹಾಡು, 20 ನಿಮಿಷ. ಒಂದೊಂದು ಹಾಡಿಗೂ ಒಂದೊಂದು ಪಾತ್ರವಾಗಬೇಡಿ. ಕೇಳುವವರು ಹಾಡಿದವರನ್ನು ಬಿಟ್ಟು ಅಭಿನಯವನ್ನು ನೆನಪಿಟ್ಟುಕೊಂಡು ಹೋಗುತ್ತಾರೆ. ಜಾತ್ರೆಯ ಸೌಂಡಿನವರು ಭಾಷಣಕ್ಕೆ ಹಾಕಿದ ಎಕೋವನ್ನೇ ಹಾಡಿಗೂ ಬಿಟ್ಟಿರುತ್ತಾರೆ, ಸಾಹಿತ್ಯ ಕಲಸಿಹೋಗುತ್ತದೆ. ಕತ್ತಲಾಗುವ ಮೊದಲೇ ಹೋಗಿ, ಚಹಾ ಕುಡಿಸಿ, ‘ಅಣ್ಣಾ, ನಮ್ಮ ಹಾಡಿಗೆ ಎಕೋ ಪೂರ್ತಿ ತಗೀರಿ’ ಎಂದು ಹೇಳಿ, ಒಂದು ಪಲ್ಲವಿ ಹಾಡಿ ತೋರಿಸಿ ಬನ್ನಿ.