359 ಅವಿಭಾಜ್ಯ, 361 ಅಲ್ಲ: ಅಪವರ್ತನಗಳನ್ನು ಹುಡುಕುವ ಕ್ರಮ

ಒಂದು ಸಂಖ್ಯೆಯ ಅಪವರ್ತನಗಳನ್ನು, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು, ಬರೆಯಲು ಹೇಳಿದರೆ ಮಕ್ಕಳು ಮಗ್ಗಿಯಿಂದ ನೆನಪಿಗೆ ಬಂದಷ್ಟನ್ನು ಬರೆದು, ಇನ್ನೂ ಯಾವುದಾದರೂ ಉಳಿದಿರಬಹುದೇ ಎಂಬ ಅನುಮಾನದಲ್ಲಿಯೇ ಉತ್ತರ ಮುಗಿಸುವುದುಂಟು. ಅಪವರ್ತನಗಳನ್ನು ಒಂಟಿಯಾಗಿ ಹುಡುಕದೆ ಜೋಡಿಯಾಗಿ ಹುಡುಕಿದರೆ ಈ ಅನುಮಾನಕ್ಕೆ ಎಡೆಯಿರುವುದಿಲ್ಲ.

84ನ್ನು ತೆಗೆದುಕೊಳ್ಳೋಣ. 1ರಿಂದ ಆರಂಭಿಸಿ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ, ಶೇಷ ಸೊನ್ನೆಯಾದಾಗಲೆಲ್ಲ ಭಾಜಕವನ್ನೂ ಭಾಗಲಬ್ಧವನ್ನೂ ಅಕ್ಕಪಕ್ಕದಲ್ಲಿ ಬರೆಯಿರಿ: 1 × 84, 2 × 42, 3 × 28, 4 × 21, 6 × 14, 7 × 12. 5, 8 ಮತ್ತು 9ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. 10ಕ್ಕೆ ಬಂದಾಗ 10 × 10 = 100 ಆಗಿ 84ನ್ನು ಮೀರುವುದರಿಂದ ಅಲ್ಲಿಗೆ ನಿಲ್ಲಿಸಬಹುದು. ಜೋಡಿಯ ಎರಡೂ ಸಂಖ್ಯೆಗಳು 10 ಅಥವಾ ಅದಕ್ಕಿಂತ ದೊಡ್ಡವಾಗಿದ್ದರೆ ಗುಣಲಬ್ಧ 100ಕ್ಕಿಂತ ಕಡಿಮೆಯಾಗಲಾರದು; ಆದ್ದರಿಂದ ಪ್ರತಿ ಜೋಡಿಯಲ್ಲಿಯೂ 10ಕ್ಕಿಂತ ಚಿಕ್ಕದೊಂದು ಇರಲೇಬೇಕು, ಅಂಥವನ್ನೆಲ್ಲ ನಾವು ಆಗಲೇ ಪರೀಕ್ಷಿಸಿದ್ದೇವೆ. ಈ ಕಾರಣವನ್ನು ತಿಳಿಯದೆ ನಿಯಮವನ್ನಷ್ಟೇ ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಟ್ಟು 12 ಅಪವರ್ತನಗಳು ದೊರೆತವು. 36ರಂತಹ ವರ್ಗಸಂಖ್ಯೆಯಲ್ಲಿ ಕೊನೆಯ ಜೋಡಿ 6 × 6 ಆಗುವುದರಿಂದ 6ನ್ನು ಒಮ್ಮೆ ಮಾತ್ರ ಎಣಿಸಬೇಕು. ಹಾಗಾಗಿ ಅದರ ಅಪವರ್ತನಗಳು 9.

ಅಪವರ್ತ್ಯಗಳ ವಿಷಯ ಇದಕ್ಕಿಂತ ಸರಳ. 7ನ್ನು 1, 2, 3 ಎಂದು ಗುಣಿಸುತ್ತಾ ಹೋದರೆ ಅವುಗಳಿಗೆ ಕೊನೆಯಿಲ್ಲ. 500 ಮತ್ತು 600ರ ನಡುವಿನ ಅಪವರ್ತ್ಯಗಳಷ್ಟೇ ಬೇಕಿದ್ದರೆ 500ನ್ನು 7ರಿಂದ ಭಾಗಿಸಿ. ಭಾಗಲಬ್ಧ 71, ಶೇಷ 3. ಆದ್ದರಿಂದ ಮೊದಲನೆಯದು 7 × 72 = 504; ಅಲ್ಲಿಂದ 7ನ್ನು ಕೂಡಿಸುತ್ತಾ 595ರವರೆಗೆ ಬರೆದರೆ ಸಾಕು.

ಇನ್ನು ಅವಿಭಾಜ್ಯತೆಯ ಪರೀಕ್ಷೆ. 1 ಮತ್ತು ಅದೇ ಸಂಖ್ಯೆ, ಹೀಗೆ ಸರಿಯಾಗಿ ಎರಡೇ ಅಪವರ್ತನಗಳಿರುವುದು ಅವಿಭಾಜ್ಯ ಸಂಖ್ಯೆ; ಎರಡಕ್ಕಿಂತ ಹೆಚ್ಚಿರುವುದು ಸಂಯುಕ್ತ ಸಂಖ್ಯೆ. 1ಕ್ಕೆ ಇರುವುದು ಒಂದೇ ಅಪವರ್ತನವಾದ್ದರಿಂದ ಅದು ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. ಜೋಡಿಯ ತರ್ಕವೇ ಇಲ್ಲಿಯೂ ನೆರವಾಗುತ್ತದೆ: ವರ್ಗವು ಕೊಟ್ಟ ಸಂಖ್ಯೆಯನ್ನು ಮೀರದ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. 2ರಿಂದ ಭಾಗವಾಗದ್ದು 4ರಿಂದಲೂ 6ರಿಂದಲೂ ಭಾಗವಾಗದು, ಆದ್ದರಿಂದ ಸಂಯುಕ್ತ ಸಂಖ್ಯೆಗಳಿಂದ ಭಾಗಿಸುವ ಶ್ರಮ ಬೇಕಿಲ್ಲ.

359ನ್ನು ನೋಡಿ. 19 × 19 = 361 ಅದನ್ನು ಮೀರುವುದರಿಂದ 17ರವರೆಗೆ ಹೋಗಬೇಕು. ಅದು ಬೆಸ ಸಂಖ್ಯೆ. ಅಂಕಿಗಳ ಮೊತ್ತ 17 ಆದ್ದರಿಂದ 3ರಿಂದ ಭಾಗವಾಗದು. ಬಿಡಿಸ್ಥಾನದಲ್ಲಿ 0 ಅಥವಾ 5 ಇಲ್ಲ. 7ರಿಂದ ಭಾಗಿಸಿದರೆ ಶೇಷ 2, 11ರಿಂದ 7, 13ರಿಂದ 8, 17ರಿಂದ 2. ಹೀಗಾಗಿ 359 ಅವಿಭಾಜ್ಯ. ಅದರ ಹತ್ತಿರದ 361ಕ್ಕೂ 17ರವರೆಗೆ ಪ್ರತಿ ಬಾರಿ ಶೇಷ ಉಳಿಯುತ್ತದೆ, ಆದರೆ ಅದು 19 × 19. ವರ್ಗವು ಕೊಟ್ಟ ಸಂಖ್ಯೆಗೆ ಸಮವಾಗುವ ಭಾಜಕವನ್ನೂ ಪರೀಕ್ಷಿಸಲೇಬೇಕು; ಒಂದು ಹೆಜ್ಜೆ ಮೊದಲೇ ನಿಲ್ಲಿಸಿದವರು 361ನ್ನು ಅವಿಭಾಜ್ಯವೆಂದು ಬರೆದುಬಿಡುತ್ತಾರೆ. 91 ಕೂಡ ಹಾಗೆಯೇ ಮೋಸಗೊಳಿಸುತ್ತದೆ, ಅದು 7 × 13.

ನೂರರವರೆಗಿನ ಅವಿಭಾಜ್ಯಗಳು ಒಟ್ಟಿಗೆ ಬೇಕಿದ್ದರೆ, ಗ್ರೀಕ್ ವಿದ್ವಾಂಸ ಎರಟೋಸ್ತನೀಸ್‌ನ ಹೆಸರಿನ ಜರಡಿಯೇ ಲೇಸು. 2ರಿಂದ 100ರವರೆಗೆ ಬರೆದು, 2, 3, 5, 7ನ್ನು ಉಳಿಸಿಕೊಂಡು ಅವುಗಳ ಉಳಿದ ಅಪವರ್ತ್ಯಗಳನ್ನೆಲ್ಲ ಹೊಡೆದುಹಾಕಿದರೆ 25 ಸಂಖ್ಯೆಗಳು ಉಳಿಯುತ್ತವೆ.

ಸಂಖ್ಯೆ ದೊಡ್ಡದಾದಂತೆ ಭಾಗಾಕಾರಗಳೂ ಹೆಚ್ಚುತ್ತವೆ, ಆಗ ಭಾಜಕಗಳನ್ನು ಆರಿಸುವ ಜಾಣ್ಮೆ ಬೇಕಾಗುತ್ತದೆ. 4294967297 ಅವಿಭಾಜ್ಯವೆಂದು ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದನು. ಅದರ ವರ್ಗಮೂಲ 65536ಕ್ಕಿಂತ ತುಸು ಹೆಚ್ಚು. ಆದರೆ ಅದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಬೇಕು ಎಂದು ಸ್ವಿಸ್ ಗಣಿತಜ್ಞ ಆಯ್ಲರ್ ಕಂಡುಕೊಂಡನು. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯದರಲ್ಲಿಯೇ ಶೇಷ ಸೊನ್ನೆಯಾಗಿ, ಆ ಸಂಖ್ಯೆ 641 × 6700417 ಎಂದು ಒಡೆಯುತ್ತದೆ.