ಎಕರೆಯ ಮೂಲ ಹುಡುಕಲು ನೇಗಿಲು ಹೂಡಿದೆ

ಎಕರೆ ಅಂದರೆ ಒಂದು ಜೊತೆ ಎತ್ತು ಒಂದು ದಿನಕ್ಕೆ ಉಳುವಷ್ಟು ನೆಲ. ಪದಗಳ ಬೆನ್ನು ಹತ್ತಿದವರೆಲ್ಲ ಇದನ್ನು ಓದಿರುತ್ತೀರಿ, ಉತ್ತು ನೋಡಿದವರು ಕಡಿಮೆ. ನಾನು ನೋಡಿದೆ. ಸುಮ್ನೆ ದುಡ್ಡು ದಂಡ ಅಂತ ಗೆಳೆಯರು ಅಂದಿದ್ದರು.

ಮೊದಮೊದಲು ಹಾಗೇ ಆಯಿತು. ಎತ್ತು, ಆಳು, ಊಟ ಸೇರಿ ದಿನಕ್ಕೆ ಹೆಚ್ಚುಕಡಿಮೆ ಎರಡು ಸಾವಿರ. ಹೊಲ ಚೌಕ. ಎತ್ತು ಬದುವಿಗೆ ಬಂದು ನಿಲ್ಲಬೇಕು, ನೇಗಿಲು ಎತ್ತಿ ತಿರುಗಿಸಬೇಕು, ಮತ್ತೆ ಸಾಲು ಹಿಡಿಯಬೇಕು. ಹೊತ್ತೆಲ್ಲ ಅದಕ್ಕೇ ಹೋಯಿತು. ಸಂಜೆಗೆ ಅರ್ಧ ಎಕರೆಯೂ ಆಗಲಿಲ್ಲ.

ಮತ್ತೆ ಹಳೆಯ ಪಠ್ಯ ತೆಗೆದೆ. ಸುಮಾರು ಸಾವಿರ ವರ್ಷದ ಹಿಂದೆ ಎಲ್‌ಫ್ರಿಕ್ ಎಂಬ ಇಂಗ್ಲೆಂಡಿನ ಸನ್ಯಾಸಿ ಮಕ್ಕಳಿಗೆ ಲ್ಯಾಟಿನ್ ಕಲಿಸಲು ಒಂದು ಸಂಭಾಷಣೆ ಬರೆದ. ಅದಕ್ಕೆ ಸೇರಿಸಿದ ಹಳೆ ಇಂಗ್ಲಿಷ್ ಸಾಲುಗಳಲ್ಲಿ ಉಳುವವನು, ದಿನಾ ಪೂರ್ತಿ ಒಂದು ‘ಆ್ಯಕೆರ್’ (ಎಕರೆಯ ಹಳೆ ರೂಪ) ಇಲ್ಲವೇ ಇನ್ನೂ ಜಾಸ್ತಿ ಉಳಬೇಕು ಅನ್ನುತ್ತಾನೆ. ಎತ್ತು ಹೊಡೆಯುವ ಹುಡುಗನಿಗೆ ಚಳಿಗೂ ಕೂಗಿಗೂ ಗಂಟಲೇ ಕಟ್ಟಿದೆ, ಪಾಪ. ಹಳೆ ಇಂಗ್ಲಿಷ್ ಬೈಬಲ್‌ನಲ್ಲಿ ಲಿಲ್ಲಿ ಹೂ ಬೆಳೆಯುವುದೂ ಆ್ಯಕೆರ್‌ನಲ್ಲೇ. ಅಲ್ಲಿ ಅಳತೆಯ ಮಾತಿಲ್ಲ, ಬರೀ ಹೊಲ. ಜರ್ಮನ್ ‘ಆಕರ್’, ಲ್ಯಾಟಿನ್ ‘ಆಗೆರ್’, ಸಂಸ್ಕೃತದ ‘ಅಜ್ರ’ ಎಲ್ಲ ಒಂದೇ ಬಳ್ಳಿ.

ದಾರಿ ತೋರಿಸಿದ್ದು ಫರ್ಲಾಂಗ್. ಅಂದರೆ ನೇಗಿಲ ಸಾಲಿನ ಉದ್ದ, 220 ಗಜ. ಇಂಗ್ಲೆಂಡಿನ ಎಕರೆ ಚೌಕವಲ್ಲ, 220 ಗಜ ಉದ್ದ, 22 ಗಜ ಅಗಲದ ಪಟ್ಟಿ! ಚೌಕ ಮಾಡಿದರೆ ಒಂದು ಬದಿ 70 ಗಜವೂ ಬರಲ್ಲ. ಪಟ್ಟಿಯಲ್ಲಿ ತಿರುವು ಮೂರನೇ ಒಂದು ಪಾಲು ಸಾಕು. ಪಕ್ಕದವರ ಹೊಲವನ್ನೂ ಸೇರಿಸಿ ಉದ್ದಕ್ಕೆ ಹಗ್ಗ ಎಳೆದೆ. ಅದೇ ಜೋಡಿ ಸಂಜೆಗೆ 26-27 ಗುಂಟೆ ಉತ್ತಿತು. ನಗುತ್ತಿದ್ದವರೇ ಬಂದು ಅಳೆದು ನೋಡಿದರು. ತುದಿಯಲ್ಲಿ ಎತ್ತು ತಿರುಗಿಸಲು ಒಂದು ಉಪಾಯ ಮಾಡಿದ್ದೆ, ಅದು ನನ್ನಲ್ಲೇ ಇರಲಿ.

ಉಳಿದ 13 ಗುಂಟೆ? ಇಂಗ್ಲೆಂಡಿನ ಅರಸ ಮಾಡಿಸಿದ 1086ರ ಜಮೀನು ಗಣತಿ, ಅಂದರೆ ಡೂಮ್ಸ್‌ಡೇ ಲೆಕ್ಕದಲ್ಲಿ ಒಂದು ನೇಗಿಲಿಗೆ ಎಂಟು ಎತ್ತು. ಹಾಗಾಗಿ ‘ಒಂದು ಜೊತೆ’ ಎಂಬ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ‘ಒಂದು ದಿನ’ ಎಂಬುದನ್ನು ಪೂರ್ತಿ ಒಪ್ಪುತ್ತೇನೆ.

ನಡುವೆ ಇಂಗ್ಲಿಷಿನ ‘ವೈಸೇಕರ್’ (ಎಲ್ಲ ಬಲ್ಲೆ ಅನ್ನುವವನು) ಪದದ ಹಿಂದೆಯೂ ಹೋಗಿದ್ದೆ, ಅದರಲ್ಲೂ ‘ಏಕರ್’ ಇದೆಯಲ್ಲ ಅಂತ. ಅದು ಡಚ್ಚರಿಂದ ಬಂದದ್ದು, ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ. ಖುಷಿ ಕೊಟ್ಟದ್ದು ನಮ್ಮ ಗುಂಟೆ. 22 ಗಜ ಅಂದರೆ ಒಂದು ಸರ್ವೆ ಸರಪಳಿ, ಗುಂಟೆಯ ಒಂದು ಬದಿ 33 ಅಡಿ, ಅದರ ಅರ್ಧ. ಆ ಪಟ್ಟಿಯ ಅಗಲಕ್ಕೆ 2 ಗುಂಟೆ, ಉದ್ದಕ್ಕೆ 20. ಪಹಣಿಯ 40 ಸರಿಯಾಗಿ ಕೂರುತ್ತದೆ.